ಚಳಿ ದೇಶ ಬಿಟ್ಟು ಸೆಕೆ ದೇಶಕ್ಕೆ: ಹೊರಡುವ ಮುನ್ನ, ಇಳಿದ ಮೇಲೆ

"ಹಿಮ ಬೀಳುವ ದೇಶದಿಂದ ಭೂಮಧ್ಯರೇಖೆಯ ಹತ್ತಿರದ ದೇಶಕ್ಕೆ ಕೆಲಸದ ಮೇಲೆ ಹೋಗುತ್ತಿದ್ದೇವೆ. ಏನೇನು ತಯಾರಿ ಬೇಕು?" ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕೇಳುವವರೆಲ್ಲ ಬಿಸಿಲಿಗೆ ಹೆದರಿರುತ್ತಾರೆ. ಬಿಸಿಲಿಗಾದರೆ ನೆರಳಿದೆ, ಟೋಪಿಯಿದೆ. ಗಾಳಿಯೊಳಗಿನ ತೇವದಿಂದ ಎಲ್ಲಿಗೆ ಓಡುವುದು? ಬೆವರು ಆರುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಚರ್ಮದ ಬೂಟಿಗೆ ಬೂಷ್ಟು ಹಿಡಿಯುತ್ತದೆ, ಮರದ ಡ್ರಾಯರ್ ಸಿಕ್ಕಿಕೊಳ್ಳುತ್ತದೆ. ಹೊಸಬರನ್ನು ಸುಸ್ತು ಮಾಡುವುದು ಇದೇ. ಹಾಗಾಗಿ ಮುಂದಿನ ಹಂತಗಳಲ್ಲಿ ತೇವದ ಮಾತು ಮತ್ತೆ ಮತ್ತೆ ಬರುತ್ತದೆ.

1. ಹೋಗುವ ಊರಿನ ಸೆಕೆ ಎಂಥದ್ದು ಅಂತ ನೋಡಿ

ಉಷ್ಣವಲಯ ಅಂದರೆ ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 23.5 ಡಿಗ್ರಿವರೆಗಿನ ಪಟ್ಟಿ. ಅದರೊಳಗಿನ ಊರುಗಳೆಲ್ಲ ಒಂದೇ ಥರ ಇಲ್ಲ. ಸಿಂಗಪುರದಲ್ಲಿ ವರ್ಷವಿಡೀ ಮಳೆ, ವರ್ಷವಿಡೀ ಸೆಕೆ. ಬ್ಯಾಂಕಾಕಿನಲ್ಲಿ ಮಳೆಗಾಲ ಬೇರೆ, ಒಣಗಾಲ ಬೇರೆ. ನೈರೋಬಿ ಭೂಮಧ್ಯರೇಖೆಗೆ ತೀರಾ ಹತ್ತಿರ, ಆದರೆ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಈಕ್ವೆಡಾರ್ ದೇಶದ ಕ್ವಿಟೋ ಇನ್ನೂ ಎತ್ತರ, ಸುಮಾರು 2,850 ಮೀಟರ್. ಈ ಎರಡೂ ಊರುಗಳಲ್ಲಿ ಸಂಜೆಗೆ ಸ್ವೆಟರ್ ಬೇಕಾಗುತ್ತದೆ. ಸ್ವೆಟರ್‌ಗಳನ್ನೆಲ್ಲ ದಾನ ಮಾಡುವ ಮುಂಚೆ ಊರಿನ ಎತ್ತರ ನೋಡಿಕೊಳ್ಳಿ.

ಹವಾಮಾನದ ಪಟ್ಟಿಯಲ್ಲಿ ಉಷ್ಣಾಂಶವನ್ನಷ್ಟೇ ನೋಡಬೇಡಿ. 'ಇಬ್ಬನಿ ಬಿಂದು' ಎಂಬ ಇನ್ನೊಂದು ಅಂಕಿ ಇರುತ್ತದೆ. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರಲ್ಲಿನ ತೇವ ಹನಿಯಾಗಲು ಶುರುವಾಗುತ್ತದೋ, ಅದು ಇಬ್ಬನಿ ಬಿಂದು. 16 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಹಾಯಾಗಿರುತ್ತದೆ. 21 ದಾಟಿದರೆ ಮೈ ಅಂಟಂಟು. 24 ದಾಟಿದರೆ ಸುಮ್ನೆ ಕೂತರೂ ಬೆವರು.

ಶೇಕಡಾವಾರು ತೇವಾಂಶ ಮಾತ್ರ ನಿಮ್ಮನ್ನು ದಾರಿ ತಪ್ಪಿಸುತ್ತದೆ. "ನಮ್ಮಲ್ಲೂ ಚಳಿಗಾಲದಲ್ಲಿ 90 ಶೇಕಡಾ ಇರುತ್ತದಲ್ಲ" ಅನ್ನುವವರಿದ್ದಾರೆ. ಇರುತ್ತದೆ ನಿಜ. ಆದರೆ 0 ಡಿಗ್ರಿಯಲ್ಲಿ 90 ಶೇಕಡಾ ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 4 ಗ್ರಾಂ ನೀರು. 30 ಡಿಗ್ರಿಯಲ್ಲಿ 70 ಶೇಕಡಾ ಅಂದರೆ ಸುಮಾರು 21 ಗ್ರಾಂ. ಶೇಕಡಾ ಕಡಿಮೆ, ನೀರು ಐದು ಪಟ್ಟು.

ಹೊರಡುವ ತಿಂಗಳನ್ನು ನೀವೇ ಆರಿಸುವಂತಿದ್ದರೆ ಅಲ್ಲಿನ ಅತಿ ಸೆಕೆಯ ತಿಂಗಳನ್ನೂ ಚಂಡಮಾರುತದ ಕಾಲವನ್ನೂ ಬಿಡಿ. ಕೆರಿಬಿಯನ್ ಕಡೆ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ದಕ್ಷಿಣ ಗೋಳಾರ್ಧದಲ್ಲಿ ಹೆಚ್ಚೂಕಡಿಮೆ ನವೆಂಬರ್‌ನಿಂದ ಏಪ್ರಿಲ್. ಭೂಮಧ್ಯರೇಖೆಯಿಂದ 5 ಡಿಗ್ರಿಯೊಳಗಿನ ಊರಾದರೆ ಈ ಚಿಂತೆ ಬಹುಮಟ್ಟಿಗೆ ಇಲ್ಲ.

2. ಕಾಗದಪತ್ರ

ಇದು ಹವೆಗೆ ಸಂಬಂಧಿಸಿದ್ದಲ್ಲ, ಆದರೆ ಬಿಡುವ ಹಾಗೂ ಇಲ್ಲ. ಬೇಗ ಮುಗಿಸುತ್ತೇನೆ.

ಪಾಸ್‌ಪೋರ್ಟ್‌ನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು ಎಂದು ಬಹಳ ದೇಶಗಳು ಕೇಳುತ್ತವೆ. ಪ್ರವಾಸಿ ವೀಸಾದಲ್ಲಿ ಇಳಿದು ಆಮೇಲೆ ಕೆಲಸದ ಪರವಾನಗಿ ಮಾಡಿಸಿಕೊಂಡರಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ದೇಶಗಳಲ್ಲಿ ಅದಕ್ಕೆ ದಾರಿಯೇ ಇಲ್ಲ.

ಪದವಿ ಪ್ರಮಾಣಪತ್ರ, ಮದುವೆ ಮತ್ತು ಜನನ ಪ್ರಮಾಣಪತ್ರಗಳಿಗೆ 'ಅಪೊಸ್ಟಿಲ್' ಬೇಕಾಗಬಹುದು. ಇದು 1961ರ ಹೇಗ್ ಒಪ್ಪಂದದ ಮೇಲೆ ನಡೆಯುವ ದೃಢೀಕರಣದ ಮುದ್ರೆ. ಕಾಗದ ಕೊಟ್ಟ ದೇಶದಲ್ಲೇ ಇದನ್ನು ಹಾಕಿಸಬೇಕು, ಹೋದ ದೇಶದಲ್ಲಿ ಆಗುವುದಿಲ್ಲ. ಜನ ಎಡವುವುದು ಇಲ್ಲೇ. ಒಪ್ಪಂದಕ್ಕೆ ಸೇರದ ದೇಶವಾದರೆ ರಾಯಭಾರ ಕಚೇರಿಯ ಮೂಲಕ ದೃಢೀಕರಣ, ಅದಕ್ಕೆ ಇನ್ನೂ ಸಮಯ ಹಿಡಿಯುತ್ತದೆ. ಮೂಲಪ್ರತಿಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಲಕೋಟೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ.

ತೆರಿಗೆಗೆ ಒಂದೇ ಮಾತು. ವರ್ಷದಲ್ಲಿ 183 ದಿನ ಎಂಬ ಲೆಕ್ಕ ಬಹಳ ದೇಶಗಳಲ್ಲಿದೆ. ಆದರೆ ಹಳೆಯ ದೇಶದಲ್ಲಿ ಮನೆ, ಕುಟುಂಬ ಉಳಿದಿದ್ದರೆ ಬರೀ ದಿನ ಎಣಿಸಿ ಪಾರಾಗಲು ಆಗುವುದಿಲ್ಲ. ಎರಡೂ ದೇಶದ ನಿಯಮ ಬಲ್ಲ ಲೆಕ್ಕಪರಿಶೋಧಕರನ್ನು ಹೊರಡುವ ಮೊದಲೇ ಕೇಳಿ.

3. ಲಸಿಕೆ, ಔಷಧಿ, ವಿಮೆ: ಎರಡು ತಿಂಗಳು ಮುಂಚೆ

ಹೊರಡುವ ಎಂಟು ವಾರ ಮೊದಲು ಪ್ರವಾಸಿಗರ ಆರೋಗ್ಯ ನೋಡುವ ವೈದ್ಯರನ್ನು ಕಾಣಿ. ಅಷ್ಟು ಮುಂಚೆ ಯಾಕೆ ಅಂದರೆ ಕೆಲವು ಲಸಿಕೆಗಳನ್ನು ಒಂದೇ ದಿನದಲ್ಲಿ ಮುಗಿಸಲು ಆಗುವುದಿಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಅಂದರೆ ಸೊಳ್ಳೆಯಿಂದ ಹರಡುವ ಮಿದುಳಿನ ಉರಿಯೂತ. ಅದರ ಎರಡು ಡೋಸ್‌ಗಳ ನಡುವೆ ಸಾಮಾನ್ಯವಾಗಿ 28 ದಿನ ಬೇಕು. ಹೆಪಟೈಟಿಸ್ ಎ ಲಸಿಕೆಯ ಎರಡನೇ ಡೋಸ್ ಆರು ತಿಂಗಳ ಮೇಲೆ, ಅದನ್ನು ಹೋದ ದೇಶದಲ್ಲಿ ಹಾಕಿಸಿಕೊಳ್ಳಬಹುದು.

ಹಳದಿ ಜ್ವರದ ಕತೆ ಬೇರೆ. ಇದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ಭಾಗಗಳಲ್ಲಿರುವ ಕಾಯಿಲೆ. ಆ ಕಡೆಯಿಂದ ಬರುವವರನ್ನು ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡದ ದೇಶಗಳಿವೆ. ನೀವು ಆ ಕಡೆಯ ವಿಮಾನ ನಿಲ್ದಾಣದಲ್ಲಿ ಬರೀ ವಿಮಾನ ಬದಲಿಸಿದ್ದರೂ ಕೇಳಬಹುದು. ಪ್ರಮಾಣಪತ್ರ ಲೆಕ್ಕಕ್ಕೆ ಬರುವುದು ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆ. 2016ರ ಜುಲೈನಿಂದ ಅದು ಜೀವನಪೂರ್ತಿ ನಡೆಯುತ್ತದೆ. ಹಳೆಯ ಪುಸ್ತಕದಲ್ಲಿ 10 ವರ್ಷ ಅಂತ ಬರೆದಿದ್ದರೂ ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ.

ಮಕ್ಕಳಿದ್ದರೆ, ನಾಯಿಗಳು ಬೀದಿಯಲ್ಲಿ ಓಡಾಡುವ ಊರಾದರೆ, ರೇಬೀಸ್ ಲಸಿಕೆಯನ್ನು ಮೊದಲೇ ಹಾಕಿಸುವ ಬಗ್ಗೆ ಕೇಳಿ. ಹಾಕಿಸಿಕೊಂಡಿದ್ದರೂ ನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಲೇಬೇಕು. ಆದರೆ ಆಗ ಬೇಕಾಗುವ ಚುಚ್ಚುಮದ್ದು ಕಡಿಮೆ, ಸುಲಭವಾಗಿ ಸಿಗದ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುವುದಿಲ್ಲ.

ದಿನಾ ತಿನ್ನುವ ಮಾತ್ರೆಗಳಿದ್ದರೆ ಮೂರು ವಿಷಯ ಕೇಳಿಕೊಳ್ಳಿ. ಒಂದು, ಆ ದೇಶದಲ್ಲಿ ಆ ಔಷಧಿಗೆ ಅನುಮತಿ ಇದೆಯೇ? ಕೋಡೀನ್ ಇರುವ ಔಷಧಿ, ನಿದ್ರೆ ಮಾತ್ರೆ, ಗಮನ ಹೆಚ್ಚಿಸುವ ಮಾತ್ರೆಗಳಿಗೆ ಕೆಲವೆಡೆ ಮುಂಚೆಯೇ ಪರವಾನಗಿ ಬೇಕು. ಎರಡು, ಸೆಕೆಯಲ್ಲಿ ಅದನ್ನು ಹೇಗೆ ಇಡುವುದು? ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಉಳಿದ ಮಾತ್ರೆಗಳ ಪೆಟ್ಟಿಗೆಯ ಮೇಲೆ 25 ಅಥವಾ 30 ಡಿಗ್ರಿ ಎಂಬ ಮಿತಿ ಬರೆದಿರುತ್ತದೆ. ಚಳಿ ದೇಶದಲ್ಲಿ ಯಾರೂ ಅದನ್ನು ಓದಿರುವುದಿಲ್ಲ. ಮೂರು, ಅದು ಸೆಕೆ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆಯೇ? ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ರಕ್ತದೊತ್ತಡದ ಮಾತ್ರೆ, ಕೆಲವು ಖಿನ್ನತೆಯ ಮಾತ್ರೆಗಳು ಹಾಗೆ ಮಾಡುತ್ತವೆ. ಡೋಸ್ ಬದಲಿಸಬೇಕಾದೀತು, ಆದರೆ ಅದನ್ನು ವೈದ್ಯರೇ ಹೇಳಲಿ.

ಪ್ರವಾಸ ವಿಮೆ ಬೇರೆ, ನೆಲೆಸುವವರ ಆರೋಗ್ಯ ವಿಮೆ ಬೇರೆ. ಎರಡನೆಯದೇ ಬೇಕು. ಅದರಲ್ಲಿ 'ವೈದ್ಯಕೀಯ ಸ್ಥಳಾಂತರ' ಸೇರಿದೆಯೇ ನೋಡಿ. ಅಲ್ಲಿ ಚಿಕಿತ್ಸೆ ಆಗದಿದ್ದರೆ ಬೇರೆ ದೇಶದ ಆಸ್ಪತ್ರೆಗೆ ಸಾಗಿಸುವ ಖರ್ಚು ಅದು.

4. ಸಾಮಾನು: ಅರ್ಧ ಬಿಟ್ಟು ಹೋಗಿ

20 ಅಡಿಯ ಕಂಟೇನರ್‌ನಲ್ಲಿ ಸುಮಾರು 33 ಘನ ಮೀಟರ್ ಜಾಗ ಇರುತ್ತದೆ. ಜಾಗ ಇದೆ ಅಂತ ತುಂಬುವವರೇ ಜಾಸ್ತಿ. ನನ್ನ ಸಲಹೆ ಉಲ್ಟಾ. ತೇವ ತಡೆಯದ ಯಾವುದನ್ನೂ ಒಯ್ಯಬೇಡಿ.

ಮರದ ಪೀಠೋಪಕರಣ ಮೊದಲು. ಹೀಟರ್ ಉರಿಯುವ ಮನೆಯಲ್ಲಿ ವರ್ಷಗಟ್ಟಲೆ ಒಣಗಿದ ಮರ ಸೆಕೆಯ ಊರಿನ ಗಾಳಿ ತಾಗಿದೊಡನೆ ನೀರು ಹೀರಿ ಉಬ್ಬುತ್ತದೆ. ಡ್ರಾಯರ್ ತೆಗೆಯಲು ಬರುವುದಿಲ್ಲ, ಅಂಟಿಸಿದ ಮೇಲ್ಪದರ ಏಳುತ್ತದೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆಯ (ಪಾರ್ಟಿಕಲ್ ಬೋರ್ಡ್) ಅಲಮಾರುಗಳಂತೂ ಉದುರಿಹೋಗುತ್ತವೆ. ಪಿಯಾನೋ, ಗಿಟಾರ್ ಇದ್ದವರು ಎರಡು ಸಲ ಯೋಚಿಸಿ. ಮೂರನೇ ಸಲ ಯೋಚಿಸಿ ಯಾರಿಗಾದರೂ ಕೊಟ್ಟುಬಿಡಿ.

ಚರ್ಮದ ಜಾಕೆಟ್, ಬೂಟು, ಚೀಲಗಳು ಮುಚ್ಚಿದ ಅಲಮಾರಿನಲ್ಲಿ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿಯುತ್ತವೆ. ಉಣ್ಣೆಯ ಕೋಟು ಒಂದು ಸಾಕು, ರಜೆಗೆ ಹಿಂದಿರುಗುವಾಗ ಬೇಕಲ್ಲ. ಕ್ಯಾಮೆರಾ ಲೆನ್ಸಿನ ಒಳಗೆ ಜೇಡರ ಬಲೆಯಂಥ ಶಿಲೀಂಧ್ರ ಬೆಳೆಯುತ್ತದೆ. ಒಯ್ಯುವುದಾದರೆ ತೇವ ಹೀರುವ ಡ್ರೈ ಕ್ಯಾಬಿನೆಟ್ ಅಥವಾ ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್ ಬೇಕು.

ಕಂಟೇನರ್ ಕೂಡ ಬೆವರುತ್ತದೆ. ಹಗಲು ಕಾದು ರಾತ್ರಿ ತಣಿಯುವಾಗ ಒಳಗಿನ ತೇವ ಚಾವಣಿಯಲ್ಲಿ ಹನಿಗಟ್ಟಿ ಸಾಮಾನಿನ ಮೇಲೆ ಬೀಳುತ್ತದೆ. ಒಳಗೆ ನೇತುಹಾಕುವ ತೇವಹೀರಕ ಚೀಲಗಳನ್ನು ಹಾಕಿ ಎಂದು ಸಾಗಣೆಯವರಿಗೆ ಹೇಳಿ. ಹಾಸಿಗೆಯನ್ನು ಒದ್ದೆ ಇರುವಾಗ ಪ್ಲಾಸ್ಟಿಕ್‌ನಲ್ಲಿ ಸುತ್ತಿಸಬೇಡಿ.

ವಿದ್ಯುತ್ ಉಪಕರಣಗಳ ಹಿಂದಿನ ಚೀಟಿ ಓದಿ. 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. 110 ವೋಲ್ಟ್ ಮಾತ್ರ ಎಂದಿದ್ದು ಅಲ್ಲಿ 230 ವೋಲ್ಟ್ ಇದ್ದರೆ, ಪ್ಲಗ್ ಅಡಾಪ್ಟರ್ ಅದನ್ನು ಉಳಿಸುವುದಿಲ್ಲ, ಸುಡುತ್ತದೆ.

ಒಯ್ಯಬೇಕಾದ್ದು: ನಿಮ್ಮ ಅಳತೆಯ ಬಟ್ಟೆ, ಚಪ್ಪಲಿ, ಎರಡು ಜೊತೆ ಕನ್ನಡಕ. ಬಟ್ಟೆ ಸಡಿಲವಾಗಿರಲಿ, ತೆಳು ಹತ್ತಿ ಅಥವಾ ನಾರಗಸೆಯದ್ದಿರಲಿ (ಲಿನನ್). ಹತ್ತಿ ಬೆವರು ಹೀರುತ್ತದೆ ಆದರೆ ಬೇಗ ಆರುವುದಿಲ್ಲ. ಜಾಸ್ತಿ ನಡೆಯುವವರಿಗೆ ಬೇಗ ಒಣಗುವ ಕ್ರೀಡಾ ಬಟ್ಟೆಯೇ ಮೇಲು.

5. ಮನೆ: ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ

ದೂರದಿಂದ ಫೋಟೊ ನೋಡಿ ವರ್ಷದ ಕರಾರಿಗೆ ಸಹಿ ಹಾಕಬೇಡಿ. ಮೊದಲ ತಿಂಗಳು ತಾತ್ಕಾಲಿಕ ಜಾಗದಲ್ಲಿದ್ದು ಹುಡುಕಿ. ಬೆಳಗ್ಗೆ ಹತ್ತಕ್ಕೆ ಎಲ್ಲ ಮನೆಯೂ ತಂಪಾಗಿಯೇ ಇರುತ್ತದೆ. ಮೂರು ಗಂಟೆಗೆ ಹೋದರೆ ನಿಜ ಗೊತ್ತಾಗುತ್ತದೆ.

ಚಳಿ ದೇಶದಲ್ಲಿ ಬಿಸಿಲು ಬೀಳುವ ಮನೆ ಅಂದರೆ ಭಾಗ್ಯ. ಇಲ್ಲಿ ಆ ಆಸೆ ಬಿಡಿ. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇರುವ ಮಲಗುವ ಕೋಣೆ ರಾತ್ರಿ ಹನ್ನೊಂದಾದರೂ ಬಿಸಿಯಾಗಿರುತ್ತದೆ. ಮೇಲಿನ ಕೊನೆಯ ಮಹಡಿಯದ್ದೂ ಅದೇ ಕತೆ. ಎದುರುಬದುರು ಕಿಟಕಿ, ಉದ್ದ ಸಜ್ಜಾ, ಸೀಲಿಂಗ್ ಫ್ಯಾನ್, ಸೊಳ್ಳೆ ಜಾಲರಿ ಇವನ್ನು ಹುಡುಕಿ.

ಇನ್ನಷ್ಟು ನೋಡಬೇಕಾದ್ದು: ಗೋಡೆಯ ಬುಡದಲ್ಲಿ ಹಳೆಯ ನೀರಿನ ಗೆರೆ ಇದೆಯೇ? ಹೊಸದಾಗಿ ಬಣ್ಣ ಬಳಿದಿದ್ದರೆ ಅಲಮಾರಿನ ಬಾಗಿಲು ತೆಗೆದು ಮೂಸಿ ನೋಡಿ. ಬಣ್ಣ ಬೂಷ್ಟನ್ನು ಮುಚ್ಚುತ್ತದೆ, ವಾಸನೆಯನ್ನು ಮುಚ್ಚುವುದಿಲ್ಲ. ಮಳೆಯಲ್ಲಿ ಬೀದಿ ಮುಳುಗುತ್ತದೆಯೇ ಅಂತ ಮನೆ ಮಾಲೀಕರನ್ನಲ್ಲ, ಪಕ್ಕದವರನ್ನು ಕೇಳಿ. ಕರೆಂಟ್ ಹೋದರೆ ಏನು ವ್ಯವಸ್ಥೆ, ಕಳೆದ ತಿಂಗಳುಗಳ ಬಿಲ್ ಎಷ್ಟು ಬಂದಿತ್ತು ಅಂತಲೂ ಕೇಳಿ.

ಎಸಿ ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಒಂದು ಟನ್ ಎಂದರೆ ಸುಮಾರು 3.5 ಕಿಲೋವಾಟ್ ಶಾಖ ಹೊರಹಾಕುವ ಶಕ್ತಿ. ಸಾಧಾರಣ ಎತ್ತರದ 12 ಚದರ ಮೀಟರ್ ಕೋಣೆಗೆ ಅಷ್ಟು ಸಾಕು. ಚಿಕ್ಕ ಕೋಣೆಗೆ ತೀರಾ ದೊಡ್ಡದು ಹಾಕಿದರೆ ಅದು ಬೇಗ ತಣಿಸಿ ನಿಂತುಬಿಡುತ್ತದೆ. ತೇವ ಹಿಂಡಲು ಸಮಯ ಸಿಗುವುದಿಲ್ಲ. ಕೋಣೆ ತಣ್ಣಗೆ, ಆದರೆ ಹಸಿಹಸಿ.

6. ಮೊದಲ ಹದಿನಾಲ್ಕು ದಿನ

ಈ ಎರಡು ವಾರ ಖಾಲಿ ಇಟ್ಟುಕೊಳ್ಳಿ. ಕಚೇರಿಗೂ ಹೇಳಿ. ಹೊಸ ಊರು ಸುತ್ತುವುದು, ಬೆಳಗಿನ ಓಟ, ಸಾಮಾನು ಹೊರುವುದು ಆಮೇಲೆ.

ಮೈ ಸೆಕೆಗೆ ಹೊಂದಿಕೊಳ್ಳಲು 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ಒಳಗೆ ಬಹಳ ಬದಲಾವಣೆ ನಡೆಯುತ್ತದೆ. ರಕ್ತದ ನೀರಿನ ಅಂಶ ಹೆಚ್ಚುತ್ತದೆ. ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಎದೆಬಡಿತ ತಗ್ಗುತ್ತದೆ. ಇದೆಲ್ಲ ಆಗುವವರೆಗೆ ಮೆಟ್ಟಿಲು ಹತ್ತಿದರೂ ಏದುಸಿರು ಬಂದರೆ ಗಾಬರಿಯಾಗಬೇಡಿ.

ಹಾಗಂತ ಎಸಿ ಕೋಣೆಯಲ್ಲೇ ಕೂತರೆ ಮೈ ಹೊಂದಿಕೊಳ್ಳುವುದಿಲ್ಲ. ದಿನಾ ಸ್ವಲ್ಪ ಸೆಕೆ ತಾಗಬೇಕು. ಬಿಸಿಲಲ್ಲಿ ದುಡಿಯುವ ಹೊಸ ಕೆಲಸಗಾರರಿಗೆ ಹೇಳುವ ಒಂದು ಲೆಕ್ಕ ಎಲ್ಲರಿಗೂ ಒಪ್ಪುತ್ತದೆ: ಮೊದಲ ದಿನ ಪೂರ್ತಿ ಕೆಲಸದ 20 ಶೇಕಡಾ, ಆಮೇಲೆ ದಿನಕ್ಕೆ 20 ಶೇಕಡಾ ಏರಿಕೆ.

"ನಾನು ಹುಟ್ಟಿದ್ದೇ ಸೆಕೆಯ ಊರಲ್ಲಿ, ನನಗೇನು" ಅನ್ನುವವರೇ ಮೊದಲು ಮಲಗುವುದು. ಹೊಂದಿಕೆ ಹುಟ್ಟಿನಿಂದ ಬಂದ ಆಸ್ತಿಯಲ್ಲ. ಸೆಕೆಯಿಂದ ದೂರವಾದ ಒಂದು ವಾರಕ್ಕೆ ಕರಗಲು ಶುರುವಾಗಿ, ಒಂದು ತಿಂಗಳಿಗೆ ಬಹುಪಾಲು ಹೋಗಿರುತ್ತದೆ. ಮಲೇರಿಯಾ ತಡೆಯುವ ಶಕ್ತಿಯೂ ಹಾಗೇ, ವರ್ಷಗಟ್ಟಲೆ ದೂರವಿದ್ದರೆ ಕುಂದುತ್ತದೆ.

ನೀರು ಕುಡಿಯಿರಿ, ಆದರೆ ಹುಚ್ಚಾಗಿ ಬೇಡ. ಮೂತ್ರ ತೆಳು ಹಳದಿ ಇದ್ದರೆ ಸಾಕಷ್ಟಾಗಿದೆ ಅಂತ. ಗಂಟೆಗೆ 1.4 ಲೀಟರ್ ಮೀರಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗಬಹುದು. ತುಂಬಾ ಬೆವರಿದ ದಿನ, ಭೇದಿಯಾದ ದಿನ ಓಆರ್‌ಎಸ್ ಕುಡಿಯಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾಗಬಾರದು.

ಈ ವ್ಯತ್ಯಾಸವನ್ನು ಮನೆಯವರೆಲ್ಲ ಬಾಯಿಪಾಠ ಮಾಡಿ. ತಲೆನೋವು, ವಾಕರಿಕೆ, ಸುಸ್ತು, ಧಾರಾಕಾರ ಬೆವರು ಇದ್ದರೆ ಅದು ಬಿಸಿಲ ಬಳಲಿಕೆ. ನೆರಳಿಗೆ ಬಂದು ಮೈ ತಣಿಸಿ, ನೀರು ಕುಡಿದರೆ ಸುಧಾರಿಸುತ್ತದೆ. ಮಾತು ತೊದಲಿದರೆ, ಗಲಿಬಿಲಿಯಾದರೆ, ಪ್ರಜ್ಞೆ ತಪ್ಪಿದರೆ, ಮೈ ಶಾಖ 40 ಡಿಗ್ರಿ ಮುಟ್ಟಿದರೆ ಅದು ಶಾಖಾಘಾತ. ಬೆವರು ಇದ್ದರೂ ಅದೇ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವವರೆಗೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ. ಜ್ವರದ ಮಾತ್ರೆ ಇದಕ್ಕೆ ನಾಟುವುದಿಲ್ಲ.

ಬೆವರುಸಾಲೆ, ತೊಡೆಸಂದಿಯ ಹುಳುಕಡ್ಡಿ ಬರದೆ ಇರುವುದಿಲ್ಲ. ಒಣಗಿಸಿಕೊಳ್ಳುವುದೇ ಮದ್ದು. ಸ್ನಾನವಾದ ಮೇಲೆ ಮಡಿಕೆಗಳನ್ನು ಒರೆಸಿ, ಒದ್ದೆ ಬಟ್ಟೆ ಕೂಡಲೇ ಬದಲಿಸಿ. ದಪ್ಪ ಕ್ರೀಮು ಬಳಿದರೆ ಬೆವರಿನ ರಂಧ್ರ ಮುಚ್ಚಿ ಇನ್ನೂ ಕೆಡುತ್ತದೆ.

ಇನ್ನೊಂದು, ಯಾರೂ ಹೇಳದ ವಿಷಯ. ಅಲ್ಲಿ ಉದ್ದನೆಯ ಬೇಸಿಗೆ ಸಂಜೆಗಳಿಲ್ಲ. ವರ್ಷವಿಡೀ ಹಗಲು ಹನ್ನೆರಡು ಗಂಟೆಯ ಆಸುಪಾಸು, ಕತ್ತಲು ದಬಕ್ಕನೆ ಆಗುತ್ತದೆ. ಋತು ಬದಲಾಗದೆ ತಿಂಗಳುಗಳ ಲೆಕ್ಕ ತಪ್ಪಿದಂತೆ ಅನಿಸಿ ಕೆಲವರಿಗೆ ಮಂಕು ಕವಿಯುತ್ತದೆ. ಬೆಳಗಿನ ಜಾವದ ತಂಪು ಗಂಟೆಯನ್ನು ನಿಮ್ಮದಾಗಿಸಿಕೊಳ್ಳಿ.

7. ಸೊಳ್ಳೆ

ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಡೆಂಗಿ ಹರಡುವ ಈಡಿಸ್ ಕಚ್ಚುವುದು ಹಗಲಲ್ಲಿ, ಮುಖ್ಯವಾಗಿ ಬೆಳಗ್ಗೆ ಮತ್ತು ಸಂಜೆಗೆ ಮುಂಚೆ. ರಾತ್ರಿ ಪರದೆ ಕಟ್ಟಿದೆವು, ಇನ್ನೇನು ಅಂದುಕೊಂಡರೆ ಅರ್ಧ ಕೆಲಸವಷ್ಟೇ ಆಗಿದೆ.

ಈಡಿಸ್ ಬೆಳೆಯುವುದು ನಿಮ್ಮ ಮನೆಯಲ್ಲೇ. ಹೂಕುಂಡದ ತಟ್ಟೆ, ಎಸಿ ನೀರು ಬೀಳುವ ಬಕೆಟ್, ಬಾಲ್ಕನಿಯ ಮೂಲೆಯ ಡಬ್ಬಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಬದಿ ಉಜ್ಜಿ. ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ.

ಮೈಗೆ ಹಚ್ಚಲು 20–30 ಶೇಕಡಾ ಡೀಟ್ ಅಥವಾ 20 ಶೇಕಡಾ ಪಿಕಾರಿಡಿನ್ ಇರುವುದನ್ನು ತೆಗೆದುಕೊಳ್ಳಿ; ಎರಡೂ ಸೊಳ್ಳೆಯನ್ನು ದೂರವಿಡುವ ರಾಸಾಯನಿಕಗಳು. ಡೀಟ್ ಪ್ಲಾಸ್ಟಿಕ್ ಕರಗಿಸುತ್ತದೆ, ವಾಚು, ಕನ್ನಡಕ ಜೋಪಾನ. ಸನ್‌ಸ್ಕ್ರೀನ್ ಮೊದಲು ಹಚ್ಚಿ, ಸೊಳ್ಳೆಯದ್ದು ಅದರ ಮೇಲೆ.

ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚೀತು. ಪ್ಯಾರಾಸಿಟಮಾಲ್ ತೆಗೆದುಕೊಂಡು ರಕ್ತಪರೀಕ್ಷೆಗೆ ಹೋಗಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆ.

8. ಮನೆಯೊಳಗಿನ ತೇವದ ಜೊತೆ ದಿನಾ ಒಡನಾಟ

ತೇವಾಂಶ ತೋರಿಸುವ ಪುಟ್ಟ ಮಾಪಕ ತಂದು ಗೋಡೆಗೆ ಹಾಕಿ. 60 ಶೇಕಡಾ ಒಳಗಿದ್ದರೆ ಬೂಷ್ಟು ಸುಲಭಕ್ಕೆ ಬರುವುದಿಲ್ಲ. ಎಸಿಯನ್ನು 18ಕ್ಕೆ ಇಟ್ಟರೆ ಗೋಡೆ ತಣಿದು, ಕಿಟಕಿ ತೆಗೆದೊಡನೆ ಅದರ ಮೇಲೆ ನೀರು ಹನಿಗಟ್ಟುತ್ತದೆ. 25ರ ಸುಮಾರಿಗೆ ಇಟ್ಟು ಫ್ಯಾನ್ ಹಾಕಿಕೊಳ್ಳಿ. ಎಸಿ ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಿರಿ. ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಕೋಣೆಯೊಳಗೇ ಸುರಿಯುತ್ತದೆ.

ಅಲಮಾರನ್ನು ಗೋಡೆಗೆ ಒತ್ತಿ ಇಡಬೇಡಿ, ನಡುವೆ ಒಂದು ಗೇಣು ಬಿಡಿ. ಎಸಿ ಕೋಣೆಯಿಂದ ಕ್ಯಾಮೆರಾ ಹೊರಗೆ ಒಯ್ಯುವಾಗ ಚೀಲದಲ್ಲೇ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಲೆನ್ಸಿನ ತುಂಬ ಆವಿ. ಆಫ್ರಿಕಾದ ಕೆಲವು ಕಡೆ ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ 'ಟುಂಬು' ಎಂಬ ಜಾತಿಯ ನೊಣ ಮೊಟ್ಟೆಯಿಡುತ್ತದೆ. ಮರಿ ಚರ್ಮದೊಳಗೆ ಸೇರಿ ಕುರುವಾಗುತ್ತದೆ. ಅಲ್ಲಿಯವರು ಒಳಉಡುಪಿಗೂ ಇಸ್ತ್ರಿ ಹಾಕುವುದು ಸುಮ್ನೆ ಅಲ್ಲ.

9. ರಜೆಗೆ ಹಿಂದಿರುಗುವಾಗ

ಮನೆ ಮುಚ್ಚಿ ತಿಂಗಳು ಹೋಗುವುದಾದರೆ ಅಲಮಾರಿನ ಬಾಗಿಲು ತೆರೆದಿಡಿ, ಫ್ರಿಜ್ ಖಾಲಿ ಮಾಡಿ ಬಾಗಿಲಿಗೆ ಸಂದು ಕೊಡಿ, ನಂಬುವವರಿಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಕಿಟಕಿ ತೆಗೆಸಿ. ಚಳಿ ದೇಶದಲ್ಲಿದ್ದಾಗ ಜ್ವರ ಬಂದರೆ, ಹೋಗಿ ಎಷ್ಟೋ ತಿಂಗಳಾಗಿದ್ದರೂ, ಎಲ್ಲಿಂದ ಬಂದಿದ್ದೀರಿ ಅಂತ ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ. ಮಲೇರಿಯಾ ಒಂದು ವರ್ಷದವರೆಗೂ ತಡವಾಗಿ ಕಾಣಿಸಿಕೊಳ್ಳಬಹುದು, ಅಲ್ಲಿನ ವೈದ್ಯರಿಗೆ ಅದು ಹೊಳೆಯದೆ ಇರಬಹುದು. ತಿಂಗಳ ರಜೆ ಮುಗಿಸಿ ಮತ್ತೆ ಸೆಕೆಗೆ ಬಂದಿಳಿದ ದಿನ 6ನೇ ಹಂತದ ಲೆಕ್ಕ ಮೊದಲಿಂದ ಶುರು.